ಜೋಡಿಗೂಡು

ಚೀಲ ಬಿಚ್ಚಿದ ಕೂಡಲೇ ಅದು ಯಾವ ಊರಿನ ಕಂಪ್ಯೂಟರು ಅಂತ ಧೂಳು ನೋಡಿಯೇ ಹೇಳುತ್ತಿದ್ದೆ. ಶಿಡ್ಲಘಟ್ಟದ ರೀಲರುಗಳ ಆಫೀಸಿನದ್ದಾದರೆ ಫ್ಯಾನಿನ ಅಚ್ಚಿಗೆ ರೇಷ್ಮೆಯ ಸಣ್ಣ ಎಳೆ ಸುತ್ತಿಕೊಂಡು, ಒಳಗೆಲ್ಲ ಹುಳದ ಕಮಟು ವಾಸನೆ. ಗೌರಿಬಿದನೂರಿನ ಗಿರಣಿಯಿಂದ ಬಂದದ್ದರಲ್ಲಿ ಹತ್ತಿಯ ಪುಡಿ ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಚಿಂತಾಮಣಿಯ ಮಂಡಿಯದ್ದನ್ನು ಮೂಗಿನ ಹತ್ತಿರ ತಂದರೆ ಸೀನು ಬರುತ್ತಿತ್ತು. ಒಣಮೆಣಸಿನಕಾಯಿಯ ಘಾಟು ವರ್ಷಗಟ್ಟಲೆ ಬೋರ್ಡಿನಲ್ಲಿ ಉಳಿಯುತ್ತದೆ. ಚಿಕ್ಕಬಳ್ಳಾಪುರದ ಸುತ್ತಲಿನ ಕಲ್ಲು ಕ್ರಷರುಗಳ ಕಂಪ್ಯೂಟರಿನಲ್ಲಿ ಬೂದು ಬಣ್ಣದ ಹಿಟ್ಟು, ಒದ್ದೆ ಬಟ್ಟೆ ಮುಟ್ಟಿಸಿದರೆ ಸಿಮೆಂಟಿನಂತೆ ಮೆತ್ತಿಕೊಳ್ಳುತ್ತಿತ್ತು. ಊರು ಯಾವುದಾದರೂ ಒಂದು ಗುರುತು ಮಾತ್ರ ಎಲ್ಲದರ ಮೇಲೂ ಇರುತ್ತಿತ್ತು. ಡಬ್ಬದ ಮುಂಭಾಗದಲ್ಲಿ ಆಯುಧಪೂಜೆಯ ಅರಿಶಿನ ಕುಂಕುಮ. ವರ್ಷ ವರ್ಷದ ಬೊಟ್ಟು ಒಂದರ ಮೇಲೊಂದು ಕೂತು ಹೆಪ್ಪುಗಟ್ಟಿರುತ್ತಿತ್ತು. ಸ್ಕ್ರೂ ಬಿಚ್ಚುವ ಮೊದಲು ಅದನ್ನು ವೇಲಿನ ತುದಿಯಿಂದ ಒರೆಸುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಬೊಟ್ಟು ಇರುವಾಗಲೇ ಸುತ್ತಿಗೆ ಹಾಕಲು ಕೈ ಬರುತ್ತಿರಲಿಲ್ಲ, ಅಷ್ಟೇ.

2002ರಿಂದ 2009ರವರೆಗೆ ಈ ಕೆಲಸ ಮಾಡಿದೆ. ಅಣ್ಣ ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ರೈತರ ಪಹಣಿ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಹತ್ತಿದ ಕಾಲ ಅದು. ಸೊಸೈಟಿ, ಶಾಲೆ, ಮಂಡಿ ಎಲ್ಲ ಕಡೆ ಹೊಸ ಯಂತ್ರ ಬರುತ್ತಿದ್ದವು, ಹಳೆಯವು ಮೂಲೆ ಸೇರುತ್ತಿದ್ದವು. ರಿಪೇರಿಗಿಂತ ಮೂಲೆ ಸೇರಿದ್ದನ್ನು ತೂಕಕ್ಕೆ ಕೊಂಡು ಬಿಚ್ಚಿ ಮಾರುವುದರಲ್ಲಿ ನಾಲ್ಕು ಕಾಸು ಹೆಚ್ಚು ಗಿಟ್ಟುತ್ತದೆ ಎಂದು ಅಣ್ಣನಿಗೆ ಬೇಗ ಗೊತ್ತಾಯಿತು. ಊರಾಚೆ ಒಂದು ಶೀಟಿನ ಶೆಡ್ಡು ಬಾಡಿಗೆಗೆ ಹಿಡಿದ. ಮುಂದೆ ಒಂದು ಹುಣಸೆ ಮರ, ಹಿಂದೆ ಬೀಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ‘ಆರಿಸೋದಕ್ಕೆ ಬಾ’ ಎಂದು ಕರೆದ. ಆ ಮಾತಿಗೇ ಹೋದೆ. ಆರಿಸುವುದು ನಮ್ಮ ಮನೆಯ ಕಸುಬು.

ಅಮ್ಮ ಶಿಡ್ಲಘಟ್ಟದ ಒಂದು ಫಿಲೇಚರಿನಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಇಪ್ಪತ್ತೆರಡು ವರ್ಷ ಗೂಡು ಆರಿಸಿದವಳು. ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜಾದ ಲಾಟು ಮಧ್ಯಾಹ್ನದ ಹೊತ್ತಿಗೆ ಫಿಲೇಚರಿಗೆ ಬರುತ್ತಿತ್ತು. ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುವುದರೊಳಗೆ ಎಲ್ಲ ಮುಗಿಯಬೇಕು. ಹೆಂಗಸರು ಹಳದಿ ಗೂಡಿನ ರಾಶಿಯ ಸುತ್ತ ಕೂತು ಕೈ ಆಡಿಸುತ್ತಿದ್ದರು. ಕಲೆ ಬಿದ್ದದ್ದು ಒಂದು ಕಡೆ, ತೆಳುವಾದದ್ದು ಒಂದು ಕಡೆ, ತೂತಾದದ್ದು ಒಂದು ಕಡೆ. ಅನುಮಾನ ಬಂದದ್ದನ್ನು ಅಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗೆ ಟಕಟಕ ಅಂದರೆ ಹುಳ ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಒಳಗೇ ಸತ್ತು ಕರಗಿ ಗೂಡಿಗೆ ಅಂಟಿಕೊಂಡಿದೆ. ಅದನ್ನು ಒಳ್ಳೆಯದರ ಜೊತೆ ಬೇಯಿಸಿದರೆ ಇಡೀ ಬೇಸಿನ್ನಿನ ನೀರು ಕೆಡುತ್ತದೆ. ಕೆಲವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವಳು. ಶಾಲೆ ಬಿಟ್ಟಮೇಲೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ ನನಗೆ ಇದೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು, ಕೈಗೂ ಬಂದಿತ್ತು.

ಎಲ್ಲಕ್ಕಿಂತ ಬೇರೆಯದು ಜೋಡಿಗೂಡು. ಎರಡು ಹುಳ ಒಂದೇ ಕಡೆ ಹೆಣೆದುಕೊಂಡ ಗೂಡು. ನೋಡಲು ದಪ್ಪ, ತೂಕ ಚೆನ್ನಾಗಿರುತ್ತದೆ, ತಿಳಿಯದವರು ಇದೇ ಒಳ್ಳೆಯ ಗೂಡು ಅನ್ನುತ್ತಾರೆ. ಎಳೆ ತೆಗೆಯಲು ಹೋದರೆ ಒಂದರ ದಾರ ಇನ್ನೊಂದರೊಳಗೆ ಸಿಕ್ಕಿ ಮತ್ತೆ ಮತ್ತೆ ತುಂಡಾಗುತ್ತದೆ. “ಇದನ್ನ ಎಸೀಬೇಡ, ಬೇರೆ ಕೈಗೆ ಕೊಡು,” ಎನ್ನುತ್ತಿದ್ದಳು ಅಮ್ಮ. ಜೋಡಿಗೂಡನ್ನೇ ಚರಕದ ಮೇಲೆ ಬಿಚ್ಚುವವರು ಬೇರೆ ಇರುತ್ತಿದ್ದರು. ಅವರ ಕೈಯಲ್ಲಿ ಅದು ಗಂಟುಗಂಟಾದ ಡುಪಿಯನ್ ನೂಲಾಗುತ್ತಿತ್ತು.

ಶೆಡ್ಡಿನ ಮೊದಲ ವಾರ ನನಗೆ ಎಲ್ಲ ಬೋರ್ಡೂ ಒಂದೇ ಥರ ಕಂಡವು. ಬೆಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಟೆಂಪೊ ತರುತ್ತಿದ್ದ ಗುಜರಿಯ ಭಾಯ್, ನಾನು ಕಟ್ಟಿಟ್ಟ ಚೀಲವನ್ನು ನೆಲಕ್ಕೆ ಸುರಿದು ತಲೆ ಅಲ್ಲಾಡಿಸಿದರು. “ಹಸಿರೆಲ್ಲ ಹಸಿರಲ್ಲಮ್ಮಾ,” ಎಂದು ಚಕ್ಕಳಮಕ್ಕಳ ಹಾಕಿ ಕೂತು ಅರ್ಧ ದಿನ ಕಲಿಸಿಕೊಟ್ಟರು. ವ್ಯಾಪಾರಕ್ಕೆ ಬಂದವರು, ಕಲಿಸಬೇಕಾದ ದರ್ದು ಅವರಿಗಿರಲಿಲ್ಲ. ಕಲಿಸದೇ ಇದ್ದಿದ್ದರೆ ಒಳ್ಳೆಯ ಮಾಲು ಕಡಿಮೆ ದರಕ್ಕೇ ಸಿಗುತ್ತಿತ್ತು. ಅವರ ಋಣ ನನ್ನ ಮೇಲಿದೆ.

ಮೊದಲು ಕಂದು ಬೋರ್ಡು. ಕಾಗದ ಮತ್ತು ರಾಳ ಒತ್ತಿ ಮಾಡಿದ್ದು, ತಾಮ್ರದ ಗೆರೆ ಒಂದೇ ಕಡೆ. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಒಳಗೆ, ಹಳೆ ಮಾನಿಟರಿನೊಳಗೆ, ಟೀವಿಯೊಳಗೆ ಇರುವುದು ಇದೇ. ಬಗ್ಗಿಸಿದರೆ ಬಿಸ್ಕತ್ತಿನಂತೆ ಪಟ್ಟನೆ ಮುರಿಯುತ್ತದೆ, ಮುರಿದಲ್ಲಿ ಸುಟ್ಟ ವಾಸನೆ. ಮೇಲೆ ಕೂತ ತಾಮ್ರದ ಸುರುಳಿ, ಅಲ್ಯುಮಿನಿಯಂ ತುಂಡು ಬಿಟ್ಟರೆ ಅದರಲ್ಲಿ ಹೆಚ್ಚೇನಿಲ್ಲ. ಆಮೇಲೆ ಹಸಿರು ಬೋರ್ಡು. ಇದು ಗಾಜಿನ ನಾರು ಮತ್ತು ಎಪಾಕ್ಸಿ. ಮುರಿಯುವುದಿಲ್ಲ, ಸೀಳುತ್ತದೆ, ಸೀಳಿನ ನಾರು ಬೆರಳಿಗೆ ಹೊಕ್ಕರೆ ಎರಡು ದಿನ ಕೆರೆತ. ಬಿಸಿಲಿಗೆ ಹಿಡಿದು ನೋಡಬೇಕು. ಬೆಳಕು ದಾಟಿ ಬಂದರೆ ತಾಮ್ರ ಎರಡು ಮುಖದಲ್ಲಿ ಮಾತ್ರ. ಮಂಕಾಗಿ ನೆರಳು ಕಟ್ಟಿದರೆ ಒಳಗೂ ಪದರಗಳಿವೆ, ಅಂದರೆ ಬೆಲೆಯ ಬೋರ್ಡು. ಭಾಯ್ ಮೊದಲ ಸಲ ಮದರ್‌ಬೋರ್ಡನ್ನು ಬಾಗಿಲಿನ ಬೆಳಕಿಗೆ ಎತ್ತಿ ಹಿಡಿದಾಗ ಅಮ್ಮನೇ ಗೂಡು ಹಿಡಿದ ಹಾಗೆ ಕಂಡು, ಆ ಕ್ಷಣದಿಂದ ಈ ಕೆಲಸ ನನಗೆ ಹೊಸದು ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಕೈಯೇ ಕಲಿಯಿತು. ರ‍್ಯಾಮ್ ಪಟ್ಟಿಗಳು ಬೇರೆ. ಅವುಗಳ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಹಳದಿ ಪಟ್ಟೆಗಳು ನಿಜವಾದ ಚಿನ್ನದ ಲೇಪನ. ತಾಮ್ರದ ಮೇಲೆ ನಿಕ್ಕಲ್, ನಿಕ್ಕಲ್ ಮೇಲೆ ಚಿನ್ನ. ದಪ್ಪ ಹೇಳುವುದಾದರೆ ಒಳ್ಳೆಯ ಹಳೆ ಕಾರ್ಡಿನಲ್ಲೂ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ. ಹಿತ್ತಾಳೆಯಾದರೆ ಬೆವರು ತಗುಲಿ ಕಪ್ಪಾಗುತ್ತದೆ, ಇದು ಹತ್ತು ವರ್ಷ ಧೂಳಿನಲ್ಲಿ ಬಿದ್ದಿದ್ದರೂ ಒರೆಸಿದರೆ ನಿನ್ನೆ ಹಚ್ಚಿದ ಹಾಗಿರುತ್ತದೆ. ಪ್ರೊಸೆಸರುಗಳಲ್ಲಿ 386, 486ರ ಪಿಂಗಾಣಿಯವು ಬೇರೆ, ಆಮೇಲೆ ಬಂದ ಹಸಿರು ನಾರಿನ ಮೈಯವು ಬೇರೆ. ಪಿಂಗಾಣಿಯದ್ದನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಕೆನ್ನೆಗೆ ಹಿಡಿದರೆ ತಣ್ಣಗಿರುತ್ತದೆ, ಗಾತ್ರಕ್ಕಿಂತ ಭಾರ. ಹಾರ್ಡ್‌ಡಿಸ್ಕಿನ ಹೊಟ್ಟೆಯ ಮೇಲಿನ ಸಣ್ಣ ಬೋರ್ಡಿಗೆ ಒಂದು ಡಬ್ಬ. ಉದ್ದ ಕಪ್ಪು ಸ್ಲಾಟಿರುವ ಹಳೆಯ ಮದರ್‌ಬೋರ್ಡಿಗೆ ಒಂದು ಚೀಲ, ಬಿಳಿ ಸ್ಲಾಟಿನ ಹೊಸದಕ್ಕೆ ಇನ್ನೊಂದು. ಕಂದು ಬೋರ್ಡಿನ ದರಕ್ಕೂ ರ‍್ಯಾಮ್ ದರಕ್ಕೂ ಕಬ್ಬಿಣಕ್ಕೂ ಬೆಳ್ಳಿಗೂ ಇರುವ ದೂರ. ಒಂದು ಚೀಲದೊಳಗೆ ಎರಡೂ ಬೆರೆತರೆ ಸಿಗುವುದು ಕಬ್ಬಿಣದ ದರವೇ.

2006ರ ನಂತರ ಬಂದ ಬೋರ್ಡುಗಳಲ್ಲಿ ಬೆಸುಗೆಯ ಬಣ್ಣವೂ ಬದಲಾಗಿತ್ತು. ಆ ವರ್ಷದ ಜುಲೈ 1ರಿಂದ ಯುರೋಪು ಇಂಥ ವಸ್ತುಗಳಲ್ಲಿ ಸೀಸ ಬಳಸಬಾರದೆಂದು ಕಾನೂನು ಮಾಡಿತ್ತು, ತಯಾರಕರು ಎಲ್ಲ ದೇಶಕ್ಕೂ ಹಾಗೇ ಮಾಡತೊಡಗಿದರು. ಕಾನೂನಿನ ಸುದ್ದಿ ನನಗೆ ಗೊತ್ತಾದದ್ದು ಎಷ್ಟೋ ತಡವಾಗಿ. ಆದರೆ ಹಳೆ ಬೆಸುಗೆ ಬೆಳ್ಳಿ ಗೆಜ್ಜೆಯಂತೆ ಹೊಳೆಯುತ್ತದೆ, ಹೊಸದು ಯಾಕೋ ಮಂಕು, ತರಿತರಿ ಎಂದು ಅಣ್ಣನಿಗೆ ತೋರಿಸಿದ್ದು ನೆನಪಿದೆ. ಆ ಹೊಳಪೇ ಸೀಸ. ಹಳೆ ಬೆಸುಗೆಯಲ್ಲಿ ನೂರಕ್ಕೆ ಮೂವತ್ತೇಳು ಪಾಲು ಅದೇ ಇರುತ್ತಿತ್ತು. ಅದನ್ನು ಮುಟ್ಟಿದ ಕೈಯಲ್ಲೇ ನಾವು ಮಧ್ಯಾಹ್ನ ಮುದ್ದೆ ಉಣ್ಣುತ್ತಿದ್ದೆವು.

ಒಮ್ಮೆ ಚಿಂತಾಮಣಿ ಕಡೆಯಿಂದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಕಾರ್ಡುಗಳು ಎರಡು ಚೀಲ ಬಂದವು. ಎಲ್ಲಿ ಹರಾಜಾಗಿ ಯಾರ ಕೈ ದಾಟಿ ಬಂದಿದ್ದವೋ. ಹಳ್ಳಿಗಳಿಗೆಂದು ಸರ್ಕಾರದ ಸಿ-ಡಾಟ್ ಸಂಸ್ಥೆ ರೂಪಿಸಿದ ಸಣ್ಣ ಎಕ್ಸ್‌ಚೇಂಜುಗಳು ಅವು. ದೇಶದಲ್ಲೇ ಮೊದಲನೆಯದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೂರಿಸಿದ್ದರು. ಎಷ್ಟು ಅಚ್ಚುಕಟ್ಟಾದ ಕಾರ್ಡು! ಅಂಚಿನ ಸಾಕೆಟ್ಟಿನಲ್ಲಿ ಸಾಲು ಸಾಲು ಚಿನ್ನದ ಪಿನ್ನು, ಒಂದೂ ಓರೆಯಾಗಿರಲಿಲ್ಲ. 1996ರಲ್ಲಿ ಅಪ್ಪ ತೀರಿಕೊಂಡ ರಾತ್ರಿ ಶಿಡ್ಲಘಟ್ಟದ ಎಸ್‌ಟಿಡಿ ಬೂತಿನಿಂದ ಅಣ್ಣ ಚಿಂತಾಮಣಿ ಪಕ್ಕದ ಹಳ್ಳಿಗೆ, ಚಿಕ್ಕಮ್ಮನ ಎದುರುಮನೆಯವರ ಫೋನಿಗೆ ಮಾಡಿದ್ದ. ಆ ಮಾತು ದಾಟಿದ್ದು ಇಂಥ ಒಂದು ಕಾರ್ಡಿನೊಳಗಿಂದಲೇ ಇರಬೇಕು. ಆ ಚೀಲಗಳಿಗೆ ಒಳ್ಳೆಯ ದರ ಸಿಕ್ಕಿತು. ಒಂದು ಕಾರ್ಡು ಇಟ್ಟುಕೊಳ್ಳಬೇಕೆಂದಿದ್ದೆ, ಕೇಳಲು ಬಾಯಿ ಬರಲಿಲ್ಲ.

ವಿಷದ ಮಾತು ಆ ದಿನಗಳಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೂ ಕೆಲವು ಸಂಗತಿ ಕಣ್ಣಿಗೆ ಬೀಳದೇ ಇರುವಂಥವಲ್ಲ. 486ರ ಕಾಲದ ಮದರ್‌ಬೋರ್ಡುಗಳಲ್ಲಿ ಪೀಪಾಯಿಯಂಥ ಒಂದು ಸಣ್ಣ ಬ್ಯಾಟರಿ ಬೆಸೆದಿರುತ್ತಾರೆ. ನಿಕ್ಕಲ್ ಕ್ಯಾಡ್ಮಿಯಂನದು. ಅದು ಸೋರಿ ಸುತ್ತಲೂ ಹಸಿರು ನೀಲಿ ಬೂಷ್ಟು ಹಿಡಿದು, ತಾಮ್ರದ ಗೆರೆಗಳನ್ನೇ ತಿಂದುಹಾಕಿರುತ್ತದೆ. ಮೊದಲು ಅದನ್ನು ಕತ್ತರಿಸಿ ತೆಗೆಯಬೇಕು. ಲ್ಯಾಪ್‌ಟಾಪಿನ ಪರದೆಯ ಹಿಂದೆ ಕಡ್ಡಿಯಷ್ಟು ತೆಳ್ಳಗಿನ ಟ್ಯೂಬ್‌ಲೈಟಿನಲ್ಲಿ ಪಾದರಸ. ಮಾನಿಟರಿನ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ. ಹಸಿರು ಬೋರ್ಡಿನ ರಾಳದೊಳಗೆ ಬೆಂಕಿ ಹತ್ತದಿರಲೆಂದು ಸೇರಿಸಿದ ಬ್ರೋಮಿನ್. ತಣ್ಣಗಿದ್ದಾಗ ಸುಮ್ಮನಿರುತ್ತದೆ, ಬಯಲಲ್ಲಿ ಸುಟ್ಟರೆ ಅದೇ ವಿಷದ ಹೊಗೆ.

ಒಂದು ಭಾನುವಾರ ಅಮ್ಮ ಶೆಡ್ಡಿಗೆ ಬುತ್ತಿ ತಂದಳು. ಪಿಂಗಾಣಿಯ ಪ್ರೊಸೆಸರೊಂದರ ಮುಚ್ಚಳ ಎಬ್ಬಿಸಿ, ಚಿನ್ನದ ಚೌಕದ ನಡುವೆ ಕೂತ ಉಗುರಿನಷ್ಟು ಬೂದು ಚಿಪ್ಪು ತೋರಿಸಿದೆ. ಅದರ ಸುತ್ತ ಕೂದಲಿಗಿಂತ ಸಣ್ಣ ಚಿನ್ನದ ಎಳೆಗಳು, ನಾಲ್ಕೂ ಕಡೆಗೆ. ಅಮ್ಮ ಎಳೆಗಳನ್ನೇ ನೋಡುತ್ತಿದ್ದಳು. “ಇದನ್ನ ನೇಯ್ದ ಹುಳ ಎಲ್ಲಮ್ಮಾ?” ಎಂದು ಕೇಳಿದಳು. ಹುಳ ಇಲ್ಲ, ಯಂತ್ರ ಎಂದೆ. ಆಮೇಲೆ ಸೋರಿದ ಬ್ಯಾಟರಿಯ ಬೂಷ್ಟು ತೋರಿಸಿ, ಇದು ಮುಟ್ಟಬಾರದ್ದು ಎಂದೆ. ಅಮ್ಮ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. “ಒಂದರೊಳಗೇ ಎರಡೂ ಐತೆ ಅನ್ನು. ಜೋಡಿಗೂಡು ಕಣೇ ಇದು. ಇಲ್ಲಿ ಕೂತು ಬಿಚ್ಚೋದಕ್ಕೆ ಹೋಗಬೇಡಿ.” ಅಣ್ಣ ನಕ್ಕ. ನಾನೂ ನಕ್ಕೆ. ಅವಳು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು ಎಂದು ತಿಳಿಯಲು ಇನ್ನೊಂದು ವರ್ಷ ಬೇಕಾಯಿತು.

ನಾವು ಕೋಲಾರ ಜಿಲ್ಲೆಯ ಮಕ್ಕಳು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಚಿನ್ನದ ಗಣಿ ಅಂದರೆ ನಮ್ಮದು ಎಂದು ಶಾಲೆಯಲ್ಲಿ ಎದೆಯುಬ್ಬಿಸಿ ಹೇಳಿದವರು. ಕೆಜಿಎಫ್ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು, ನೂರಿಪ್ಪತ್ತು ವರ್ಷ ತೋಡಿದ ಮೇಲೆ. ಮರುವರ್ಷವೇ ನಾನು ಬೋರ್ಡು ಆರಿಸಲು ಕೂತದ್ದು. ಗಣಿಯ ಕೊನೆಗಾಲದಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಕಂಪ್ಯೂಟರ್ ಬೋರ್ಡಿನಲ್ಲಿ ಇನ್ನೂರು ಗ್ರಾಂ ಆಸುಪಾಸು ಇರುತ್ತದೆ. ಈ ಲೆಕ್ಕ ಯಾರೋ ಅಣ್ಣನ ಕಿವಿಯಲ್ಲಿ ಹಾಕಿದರು. ಅಂದಿನಿಂದ ಅವನಿಗೆ ನಿದ್ದೆ ಬರಲಿಲ್ಲ. ನಾವು ಆರಿಸಿ ಕೊಟ್ಟದ್ದು ಬೆಂಗಳೂರಿಗೆ, ಅಲ್ಲಿಂದ ಮೊರಾದಾಬಾದಿಗೆ ಹೋಗುತ್ತದೆ, ಚಿನ್ನ ತೆಗೆಯುವವರು ಅವರು, ನಮಗೆ ಸಿಗುವುದು ಗುಜರಿಯ ದರ. ನಾವೇ ಯಾಕೆ ತೆಗೆಯಬಾರದು?

ಅವನ ಮಾತಿನಲ್ಲಿ ನ್ಯಾಯವಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಬೆರಳು ಸವೆಸಿದವರು ಒಬ್ಬರು, ಚಿನ್ನ ನೋಡಿದವರು ಇನ್ನೊಬ್ಬರು. ದಾರಿ ಮಾತ್ರ ತಪ್ಪಾಗಿತ್ತು. ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಬಿಸಾಕಿದ ಪುಡಿಯ ಸೈನೈಡ್ ದಿಬ್ಬಗಳನ್ನು ನಾವಿಬ್ಬರೂ ನೋಡಿದ್ದೆವು. ಗಾಳಿಕಾಲದಲ್ಲಿ ಆ ಧೂಳು ಊರಿನ ಮೇಲೆಲ್ಲ ಏಳುತ್ತದೆ. ನೋಡಿದ್ದೂ ನೆನಪಾಗಲಿಲ್ಲ.

2005ರ ಏಪ್ರಿಲ್. ಮೂರು ತಿಂಗಳು ಕೂಡಿಸಿದ ಕಾರ್ಡುಗಳ ಚಿನ್ನದ ಅಂಚನ್ನು ನಾನೇ ಕತ್ತರಿಯಿಂದ ಕತ್ತರಿಸಿ ಕೊಟ್ಟೆ. ಯಾರೋ ತೋರಿಸಿಕೊಟ್ಟಿದ್ದ ಪ್ರಕಾರ ಅಣ್ಣ ಶೆಡ್ಡಿನ ಹಿಂದೆ ಎರಡು ಪ್ಲಾಸ್ಟಿಕ್ ಬಕೆಟ್ ಇಟ್ಟು ತೇಜಾಬ್ ಸುರಿದ. ನೈಟ್ರಿಕ್ ಆಮ್ಲ. ಅದು ಚಿನ್ನವನ್ನು ಮುಟ್ಟುವುದಿಲ್ಲ, ಚಿನ್ನದ ಕೆಳಗಿನ ತಾಮ್ರವನ್ನು ತಿನ್ನುತ್ತದೆ. ಆಸರೆ ಕಳೆದುಕೊಂಡ ಚಿನ್ನದ ಪೊರೆ ಎದ್ದು ತೇಲುತ್ತದೆ. ನೋಡಲು ಬಹಳ ಚೆಂದ, ಸುಳ್ಳು ಹೇಳಲಾರೆ. ನೀರು ನವಿಲುಗರಿಯ ನೀಲಿ-ಹಸಿರಿಗೆ ತಿರುಗಿ, ಅದರ ಮೇಲೆ ಚಿನ್ನದ ಚೂರುಗಳು ಹೊಟ್ಟಿನಂತೆ ಆಡುತ್ತಿದ್ದವು. ಬಕೆಟ್ಟಿನ ಬಾಯಿಯಿಂದ ಕೆಂಗಂದು ಹೊಗೆ ಏಳುತ್ತಿತ್ತು. ಬಾಯಿಗೆ ಕರ್ಚೀಫು ಕಟ್ಟಿಕೊಂಡು ಸುತ್ತ ನಿಂತಿದ್ದೆವು. ಕೋಲಿನಿಂದ ಕದಡುತ್ತಿದ್ದದ್ದು ಹುಡುಗ.

ಅವನು ನಮ್ಮ ಶೆಡ್ಡಿನಲ್ಲಿ ಸ್ಕ್ರೂ ಬಿಚ್ಚುತ್ತಿದ್ದವನು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಉಳಿಸಿಕೊಂಡು ಬಂದಿದ್ದ, ಹದಿನೇಳು ತುಂಬಿತ್ತು. ನನ್ನನ್ನು ಅಕ್ಕ ಅನ್ನುತ್ತಿದ್ದ. ನಾನು ಅವನಿಗೆ ಆಗಾಗ ಗಣಿತ ಹೇಳಿಕೊಡುತ್ತಿದ್ದೆ. ಆ ಸಂಜೆ ಸ್ವಲ್ಪ ಕೆಮ್ಮಿದ, ನೀರು ಕುಡಿದು ಸೈಕಲ್ ಹತ್ತಿ ಮನೆಗೆ ಹೋದ. ರಾತ್ರಿ ಒಂದು ಗಂಟೆಗೆ ಅವನ ತಂದೆ ಬಂದು ಬಾಗಿಲು ಬಡಿದರು. ಉಸಿರಿಗೆ ಒದ್ದಾಡುತ್ತಿದ್ದ, ಬಾಯಿಂದ ನೊರೆ. ಆ ಹೊಗೆಯ ಗುಣವೇ ಅಂಥದು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ತಿಳಿಯಿತು. ಎಳೆದುಕೊಂಡಾಗ ಏನೂ ಆಗದಂತಿದ್ದು, ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಉಳಿದ. ಅವನ ತಾಯಿ ನಮಗೆ ಒಂದು ಮಾತೂ ಬೈಯಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನಿಂದ ಎದ್ದು ನನಗೆ ಕೂರಲು ಜಾಗ ಬಿಟ್ಟರು. ಬೈದಿದ್ದರೆ ಇಷ್ಟು ವರ್ಷ ಅದು ಕಾಡುತ್ತಿರಲಿಲ್ಲವೇನೋ.

ಆ ಚಿನ್ನವನ್ನು ಆಚಾರರ ಹತ್ತಿರ ಬಿಳಿಗಾರ ಹಾಕಿ ಕರಗಿಸಿದಾಗ ಬಂದದ್ದು ಸಾಸಿವೆಗಿಂತ ಚೂರು ದೊಡ್ಡ ಗುಂಡು. ಮಾರಿ ಬಂದ ಹಣ ಆಸ್ಪತ್ರೆಯ ಎರಡು ದಿನಕ್ಕೂ ಸಾಲಲಿಲ್ಲ.

ಬಕೆಟ್ಟಿನ ನೀಲಿ ನೀರು ಉಳಿದಿತ್ತು. ಅದನ್ನು ಏನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಆಸ್ಪತ್ರೆಯಲ್ಲಿದ್ದ. ನಾನು ಹಾರೆ ತೆಗೆದುಕೊಂಡು ಶೆಡ್ಡಿನ ಹಿಂದಿನ ಬೀಳಿನಲ್ಲಿ, ಹುಣಸೆ ಮರದಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಒಂದು ಗುಂಡಿ ತೋಡಿ ಎರಡೂ ಬಕೆಟ್ ಸುರಿದು ಮಣ್ಣು ಮುಚ್ಚಿದೆ. ಮಣ್ಣು ಬುಸುಬುಸು ಎಂದು ನೊರೆ ಕಾರಿತು. ಹೆಜ್ಜೆ ಎಣಿಸಿದ್ದು ಯಾಕೆಂದು ಗೊತ್ತಿಲ್ಲ. ಮುಂದೆ ಯಾರಿಗಾದರೂ ಹೇಳಬೇಕಾಗಬಹುದು ಎಂದು ಆಗಲೇ ಒಳಗೆಲ್ಲೋ ಅನ್ನಿಸಿರಬೇಕು. ಜೂನ್ ಮಳೆಗೆ ಅಲ್ಲಿನ ಮಣ್ಣು ಕುಸಿದು, ಹಸಿರು ಗೆರೆಯೊಂದು ಇಳಿಜಾರಿನ ಕಡೆ ಹರಿದು ನಿಂತಿತ್ತು. ಅಲ್ಲಿ ಎರಡು ಮಳೆಗಾಲ ಹುಲ್ಲು ಹುಟ್ಟಲಿಲ್ಲ.

ಸುತ್ತಮುತ್ತ ವರ್ಷವಿಡೀ ಹರಿಯುವ ಒಂದು ನದಿಯಿಲ್ಲದ ಸೀಮೆ ನಮ್ಮದು. ಪಿನಾಕಿನಿ, ಪಾಪಾಘ್ನಿ, ಚಿತ್ರಾವತಿ ನಂದಿಬೆಟ್ಟದ ಸುತ್ತಲೇ ಹುಟ್ಟುತ್ತವೆ ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ, ನೀರು ತೋರಿಸಲು ಆಗುವುದಿಲ್ಲ. ಸಾವಿರ ಅಡಿ ಕೊರೆದು ಕುಡಿಯುವವರು ನಾವು. ಸುರಿದದ್ದನ್ನು ಹೊಳೆ ಹೊತ್ತುಕೊಂಡು ಹೋಗುವುದಿಲ್ಲ ಇಲ್ಲಿ. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಆ ನೀರನ್ನು ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಎಂದು ನಮ್ಮ ಜನ ಕೇಳುತ್ತಿದ್ದಾರೆ, ನಾನೂ ಅವರ ಜೊತೆ ಕೂತು ಕೇಳಿದ್ದೇನೆ. ಕೇಳುವಾಗೆಲ್ಲ ಹನ್ನೆರಡು ಹೆಜ್ಜೆಯ ಆ ಗುಂಡಿ ಕಣ್ಣೆದುರಿಗೆ ಬರುತ್ತದೆ.

ಅಣ್ಣ ಮತ್ತೆ ತೇಜಾಬ್ ಮುಟ್ಟಲಿಲ್ಲ. ಆರಿಸುವುದು, ಮಾರುವುದು ನಡೆಯಿತು, ಆದರೆ ಇಬ್ಬರಿಗೂ ಅದರಲ್ಲಿ ಮೊದಲಿನ ಮನಸ್ಸು ಉಳಿಯಲಿಲ್ಲ. ನಾನು ಪದವಿ ಕಟ್ಟಿ, ಬಿ.ಎಡ್. ಮುಗಿಸಿ 2009ರಲ್ಲಿ ಶೆಡ್ಡು ಬಿಟ್ಟೆ. 2012ರ ಮೇ 1ರಿಂದ ಇ-ತ್ಯಾಜ್ಯದ ನಿಯಮಗಳು ಜಾರಿಗೆ ಬಂದು, ಅನುಮತಿ ಪಡೆದವರೇ ಇದನ್ನು ಬಿಚ್ಚಬೇಕು ಎಂದಾಯಿತು. ಅಣ್ಣ ಶೆಡ್ಡು ಖಾಲಿ ಮಾಡಿದ. ಈಗ ಸಿಸಿಟೀವಿ ಕೂರಿಸುತ್ತಾನೆ.

ನನಗೆ ಆಮೇಲೆ ತಿಳಿದು ಬಹಳ ಸಂಕಟವಾದ ಸಂಗತಿ ಒಂದಿದೆ. ನಾವು ಬಕೆಟ್ ಇಟ್ಟ ಅದೇ 2005ರಲ್ಲಿ, ನೆಲಮಂಗಲದ ಆಚೆ ದಾಬಸ್‌ಪೇಟೆಯಲ್ಲಿ ಪಿ. ಪಾರ್ಥಸಾರಥಿ ಅವರ ಇ-ಪರಿಸರ ಸಂಸ್ಥೆ ಕೆಲಸ ಶುರುಮಾಡಿತ್ತು. ಇ-ತ್ಯಾಜ್ಯ ಸಂಸ್ಕರಿಸಲು ದೇಶದಲ್ಲಿ ಮೊದಲು ಅಧಿಕೃತ ಅನುಮತಿ ಪಡೆದ ಘಟಕ ಅದು. ನಮ್ಮಿಂದ ಒಂದು ದಿನದ ದಾರಿಯೂ ಅಲ್ಲ. ಚಿನ್ನ ಬಿಡಿಸುವ ಕೆಲಸಕ್ಕೆ ಬೇರೆಯೇ ಕುಲುಮೆಗಳಿವೆ. ಬೆಲ್ಜಿಯಂನ ಆಂಟ್‌ವರ್ಪ್ ಪಕ್ಕ ಹೊಬೊಕನ್ ಎಂಬಲ್ಲಿ ಯುಮಿಕೋರ್ ಕಂಪನಿಯದು ಅಂಥದೊಂದು. ಅಲ್ಲಿ ಬೋರ್ಡನ್ನು ಆಮ್ಲದಲ್ಲಿ ಅದ್ದುವುದರಿಂದ ಶುರುಮಾಡುವುದಿಲ್ಲ, ಸಾವಿರ ಡಿಗ್ರಿಗೂ ಮೀರಿದ ಕುಲುಮೆಗೆ ಇಡಿಯಾಗಿ ಹಾಕುತ್ತಾರೆ. ರಾಳವೇ ಉರುವಲಾಗುತ್ತದೆ. ಕರಗಿದ ತಾಮ್ರ ಚಿನ್ನ ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಹೊಗೆಯನ್ನು ಹಿಡಿದು ತೊಳೆದು ಬಿಡುತ್ತಾರೆ. ಕೊನೆಗೆ ಒಂದೊಂದಾಗಿ ಹದಿನೇಳು ಲೋಹ ಬೇರೆ ಮಾಡುತ್ತಾರೆ. ಇದನ್ನು ಓದಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಅದೇ ಅಲ್ವೇ ನಾನು ಅಂದಿದ್ದು, ಬೇರೆ ಕೈಗೆ ಕೊಡಿ ಅಂತ,” ಎಂದಳು.

ಆದರೆ ಆರಿಸುವ ಕೈಯನ್ನು ಲೆಕ್ಕದಿಂದ ಬಿಡುವುದನ್ನು ನಾನು ಒಪ್ಪುವುದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಅದರಲ್ಲಿ ನೂರಕ್ಕೆ 22 ಪಾಲು ಮಾತ್ರ. ಉಳಿದದ್ದರಲ್ಲಿ ಎಷ್ಟೋ ಪಾಲು ಗುಜರಿಯ ಚೀಲದಲ್ಲೇ ಓಡಾಡುತ್ತದೆ, ಯಾರದೋ ಬೆರಳಿನಲ್ಲಿ. ಕಂದನ್ನು ಹಸಿರಿನಿಂದ ಬೇರೆ ಮಾಡುವುದು, ಬ್ಯಾಟರಿಯನ್ನು ಒಡೆಯದೆ ತೆಗೆಯುವುದು, ಯಾವುದನ್ನು ಮುಟ್ಟಬಹುದು ಯಾವುದನ್ನು ಮುಟ್ಟಬಾರದು ಎಂಬುದು, ಇದೆಲ್ಲ ವಿದ್ಯೆ. ಗೂಡು ಆರಿಸುವ ಹೆಂಗಸರಿಗೆ ಶಿಡ್ಲಘಟ್ಟದಲ್ಲಿ ಅದಕ್ಕೆ ತಕ್ಕ ಕೂಲಿ ಸಿಗಲಿಲ್ಲ, ಬೋರ್ಡು ಆರಿಸುವವರಿಗೂ ಸಿಗುತ್ತಿಲ್ಲ. ಆರಿಸಿ ಕೊಟ್ಟವರಿಗೆ ನ್ಯಾಯವಾದ ದರ ಸಿಕ್ಕಿದ್ದರೆ ಅಣ್ಣ ಬಕೆಟ್ ಕೊಳ್ಳುತ್ತಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ.

ಹುಡುಗ ಈಗ ಗೂಡು ಸಾಗಿಸುವ ಟೆಂಪೊ ಓಡಿಸುತ್ತಾನೆ. ಮಾಗಿಯ ಚಳಿಯಲ್ಲಿ ಕೆಮ್ಮು ಬರುತ್ತದೆ. ಗಣಿತ ಎರಡನೇ ಸಲಕ್ಕೆ ಪಾಸಾಯಿತು.

ಹೋದ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಲು ಅವಳ ಮನೆ ಹುಡುಕಿಕೊಂಡು ಹೋದೆ. ಹೊಸ ಲೇಔಟು, ಸೈಟುಗಳ ಕಲ್ಲು, ಅಲ್ಲೊಂದು ಇಲ್ಲೊಂದು ಮನೆ. ತಿರುವಿನಲ್ಲಿ ಹುಣಸೆ ಮರ ಕಂಡಾಗ ಕಾಲು ನಿಂತಿತು. ಶೆಡ್ಡು ಇರಲಿಲ್ಲ, ಮರ ಹಾಗೇ ಇತ್ತು. ಹುಡುಗಿಯ ಮನೆ ಅದರ ಪಕ್ಕದ್ದೇ. ಅವಳಿಗೆ ಜ್ವರ ಬಿಟ್ಟಿತ್ತು, ಜಗುಲಿಯ ಮೇಲೆ ಕೂತಿದ್ದಳು. ಅವಳ ತಾಯಿ ಕಾಫಿ ಕೊಟ್ಟು, ಹಿತ್ತಲು ತೋರಿಸುತ್ತೇನೆ ಬನ್ನಿ ಮಿಸ್ ಎಂದು ಕರೆದರು. ಕೊತ್ತಂಬರಿ ಮಡಿ, ಎರಡು ಟೊಮೆಟೊ ಗಿಡ, ಒಗೆಯುವ ಕಲ್ಲು. ನಾನು ಮತ್ತೆ ಬೀದಿಗೆ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತು ಎಣಿಸಿದೆ. ಹತ್ತನೆಯ ಹೆಜ್ಜೆಗೆ ಕಾಂಪೌಂಡು ಗೋಡೆ ಅಡ್ಡ ಬಂತು. ಗೋಡೆಯ ಆಚೆ ಕೊತ್ತಂಬರಿ.

“ಯಾಕೆ ಮಿಸ್, ಏನಾಯ್ತು?” ಎಂದರು ಆ ತಾಯಿ.

ಒಗೆಯುವ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದೆ. ಬಕೆಟ್, ನೀಲಿ ನೀರು, ಹುಡುಗ, ಹಾರೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತೇ ಕೇಳಿದರು. ಏನೂ ಅನ್ನಲಿಲ್ಲ. ಆ ವಾರವೇ ಅಣ್ಣನೂ ನಾನೂ ಹೋಗಿ ಮೂರು ಕಡೆಯ ಮಣ್ಣು ಪೊಟ್ಟಣ ಕಟ್ಟಿ, ಬೋರಿನ ನೀರು ಒಂದು ಬಾಟಲಿ ಹಿಡಿದು ಪರೀಕ್ಷೆಗೆ ಕೊಟ್ಟು ಬಂದೆವು. ಸೋಮವಾರ ಹುಡುಗಿ ಶಾಲೆಗೆ ಬಂದವಳು ಹಾಜರಿ ಕೂಗುವ ಮೊದಲೇ ಮೇಜಿನ ಹತ್ತಿರ ಬಂದಳು. ಅಮ್ಮ ಕೊತ್ತಂಬರಿಯೆಲ್ಲ ಕಿತ್ತುಹಾಕಿದರು, ಪೇಂಟಿನ ಡಬ್ಬಗಳಿಗೆ ಬೇರೆ ಕಡೆಯ ಮಣ್ಣು ತುಂಬಿಸಿ ಹೊಸದಾಗಿ ಬಿತ್ತಿದ್ದಾರೆ, ಹೇಳು ಅಂದರು ಮಿಸ್, ಎಂದಳು.